ಸಾಕ್ಷ್ಯಚಿತ್ರಕಾರರಿಗೆ ನಿಪ್ಪಾಣಿಯ ಪಾಠ

ಹೆಬ್ಬಗೋಡಿ: ಭವಿಷ್ಯನಿಧಿ ನಿಯಮದ ವಿರುದ್ಧ 2016ರ ಏಪ್ರಿಲ್‌ನಲ್ಲಿ ಸಿದ್ಧ ಉಡುಪು ಕಾರ್ಖಾನೆಗಳ ಮಹಿಳೆಯರು ಬೀದಿಗಿಳಿದಾಗ, ಸುದ್ದಿವಾಹಿನಿಗಳಲ್ಲಿ ಕಂಡದ್ದು ಹೆಚ್ಚಾಗಿ ಇಲ್ಲಿ ಹೊತ್ತಿ ಉರಿದ ವಾಹನಗಳು. ಸಾಕ್ಷ್ಯಚಿತ್ರಕಾರರ ಕೆಲಸ ಆರಂಭವಾಗುವುದು ಅಲ್ಲಿಂದಾಚೆಗೆ.

ಬೆಂಗಳೂರಿನ ದೀಪಾ ಧನರಾಜ್ ಇದಕ್ಕೆ ನಿದರ್ಶನ. 1980ರಲ್ಲಿ ಗೆಳೆಯರೊಡನೆ 'ಯುಗಾಂತರ್' ತಂಡ ಕಟ್ಟಿದ ಅವರು, ಬೆಳಗಾವಿ ಜಿಲ್ಲೆಯ ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಮಹಿಳಾ ಕಾರ್ಮಿಕರನ್ನು ಕುರಿತು 1982ರಲ್ಲಿ 'ತಂಬಾಕು ಚಾಕಿಲಾ ಊಬ್ ಆಲಿ' ನಿರ್ದೇಶಿಸಿದರು. ಚಿತ್ರೀಕರಣಕ್ಕೆ ಮುನ್ನ ತಂಡವು ಕಾರ್ಮಿಕರೊಡನೆ ತಿಂಗಳುಗಟ್ಟಲೆ ಒಡನಾಡಿತು. ಏನನ್ನು ತೋರಿಸಬೇಕೆಂಬ ನಿರ್ಧಾರದಲ್ಲಿ ಆ ಮಹಿಳೆಯರೂ ಪಾಲುದಾರರಾದರು. ಚಿತ್ರಮಂದಿರದ ಗಳಿಕೆಯನ್ನು ನೆಚ್ಚಲಾಗದ ಈ ವೃತ್ತಿಯಲ್ಲಿ ಅವರಿಗೆ ಪ್ರೇಕ್ಷಕರು ದೊರೆತದ್ದು ಮಹಿಳಾ ಸಂಘಟನೆ, ಕಾರ್ಮಿಕ ಸಂಘಗಳ ಸಭೆಗಳಲ್ಲಿ.

ದೀಪಾ ಮುಂದೆಯೂ ಆ ಹಾದಿ ಬಿಡಲಿಲ್ಲ. ಕುಟುಂಬ ಯೋಜನೆಯ ಬಲವಂತವನ್ನು ಪ್ರಶ್ನಿಸಿದ 'ಸಮ್‌ಥಿಂಗ್ ಲೈಕ್ ಎ ವಾರ್' 1991ರಲ್ಲಿ ಬಂದರೆ, ರೋಹಿತ್ ವೇಮುಲ ಸಾವಿನ ನಂತರದ ವಿದ್ಯಾರ್ಥಿ ಹೋರಾಟವನ್ನು ಅವರು 2018ರಲ್ಲಿ ತೆರೆಗೆ ತಂದರು.