ಗಾಜನೂರಿಗೆ ಕಡೇ ಬಸ್ಸು ಎಷ್ಟು ಹೊತ್ತಿಗೆ?

ರಾಜ್‌ಕುಮಾರ್ ಅಭಿಮಾನಿಗಳಿಗೆ ಎರಡು ಯಾತ್ರಾಸ್ಥಳಗಳಿವೆ. ಒಂದು, ಬೆಂಗಳೂರಿನ ಕಂಠೀರವ ಸ್ಟುಡಿಯೊದಲ್ಲಿರುವ ಸಮಾಧಿ. ಇನ್ನೊಂದು, 1929ರ ಏಪ್ರಿಲ್ 24ರಂದು ಅವರು ಮುತ್ತುರಾಜನಾಗಿ ಹುಟ್ಟಿದ ದೊಡ್ಡ ಗಾಜನೂರು. ಮೊದಲನೆಯದಕ್ಕೆ ಹೋಗುವುದು ಹೇಗೆಂದು ಯಾರನ್ನು ಕೇಳಿದರೂ ಹೇಳುತ್ತಾರೆ. ಎರಡನೆಯದು ಕರ್ನಾಟಕದಲ್ಲೇ ಇಲ್ಲ, ತಮಿಳುನಾಡಿನ ಈರೋಡ್ ಜಿಲ್ಲೆಯ ತಾಳವಾಡಿ ಬೆಟ್ಟಸೀಮೆಯಲ್ಲಿದೆ. ಸ್ವಂತ ಕಾರಿಲ್ಲದ ಅಭಿಮಾನಿ ಅಲ್ಲಿಗೆ ಹೋಗಿ ಅದೇ ದಿನ ಮನೆ ಸೇರಬೇಕಾದರೆ ಬಸ್ಸಿನ ಲೆಕ್ಕ ಸರಿಯಾಗಿ ಗೊತ್ತಿರಬೇಕು.

ಆ ಲೆಕ್ಕ ಶುರುವಾಗುವುದು ಚಾಮರಾಜನಗರದಿಂದ. 1956ರಲ್ಲಿ ರಾಜ್ಯಗಳ ಗಡಿ ಮತ್ತೆ ಎಳೆದಾಗ ಆಗಿನ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಬಂತು, ಕನ್ನಡವೇ ಮನೆಮಾತಾದ ತಾಳವಾಡಿ ಮದರಾಸಿನ ಕಡೆಯೇ ಉಳಿಯಿತು. ಇವತ್ತಿಗೂ ತಾಳವಾಡಿಯವರಿಗೆ ಜಿಲ್ಲಾ ಕೇಂದ್ರವಾದ ಈರೋಡ್ ನೂರು ಕಿಲೋಮೀಟರಿಗೂ ಆಚೆ. ನಡುವೆ ಸತ್ಯಮಂಗಲದ ಹುಲಿ ಕಾಡು, 27 ಹೇರ್‌ಪಿನ್ ತಿರುವುಗಳ ದಿಂಬಂ ಘಾಟಿ. ಚಾಮರಾಜನಗರವಾದರೋ ಸುಮಾರು 25 ಕಿಲೋಮೀಟರು, ಬಯಲು ದಾರಿ. ಸಂತೆ, ಆಸ್ಪತ್ರೆ, ಸಿನಿಮಾ ಎಲ್ಲಕ್ಕೂ ಜನ ಹತ್ತುವುದು ಆ ಕಡೆಯ ಬಸ್ಸನ್ನೇ. ಹೊರಗಿನಿಂದ ಬರುವ ಅಭಿಮಾನಿಯೂ ಇದೇ ದಾರಿ ಹಿಡಿಯುವುದು ಲೇಸು. ಈರೋಡ್ ಜಿಲ್ಲೆ ಎಂಬ ವಿಳಾಸವನ್ನು ನಂಬಿ ಈರೋಡಿಗೆ ರೈಲು ಹತ್ತಿದರೆ ಅರ್ಧ ದಿನ ರಸ್ತೆಯಲ್ಲೇ ಕಳೆಯುತ್ತದೆ.

ಬೆಂಗಳೂರಿನಿಂದ ಚಾಮರಾಜನಗರಕ್ಕೆ ಕನಕಪುರ, ಮಳವಳ್ಳಿ, ಕೊಳ್ಳೇಗಾಲದ ಮೇಲೆ ಒಂದು ದಾರಿ, ಮೈಸೂರಿನ ಮೇಲೆ ಇನ್ನೊಂದು. ರೈಲೂ ಇದೆ. ತಿರುಪತಿ–ಚಾಮರಾಜನಗರ ಎಕ್ಸ್‌ಪ್ರೆಸ್ ಬೆಂಗಳೂರು, ಮೈಸೂರು ಎರಡನ್ನೂ ಮುಟ್ಟಿ ಬರುತ್ತದೆ, ಮೈಸೂರಿನಿಂದ ಪ್ಯಾಸೆಂಜರ್ ಗಾಡಿಗಳೂ ಉಂಟು. ಆದರೆ ಹಳಿ ಚಾಮರಾಜನಗರಕ್ಕೇ ಮುಗಿಯಿತು. ಮೆಟ್ಟುಪಾಳಯದವರೆಗೆ ಮುಂದುವರಿಸುವ ಮಾತು ಬಹಳ ಹಳೆಯದು, ಕಾಡಿನ ನಡುವೆ ಅದು ಆಗಲಿಲ್ಲ, ಆಗದಿದ್ದದ್ದು ಆನೆಗಳ ಪುಣ್ಯ. ಚಾಮರಾಜನಗರದಿಂದ ಮುಂದೆ ತಾಳವಾಡಿಗೆ ಬಸ್ಸು, ತಾಳವಾಡಿಯಿಂದ ಗಾಜನೂರಿಗೆ ಊರ ಬಸ್ಸು ಅಥವಾ ಆಟೋ. ತಾಳವಾಡಿಯಲ್ಲಿ ಇಳಿದ ಕೂಡಲೇ ಮಾಡಬೇಕಾದ ಮೊದಲ ಕೆಲಸ, ಚಾಮರಾಜನಗರಕ್ಕೆ ವಾಪಸು ಹೋಗುವ ಕಡೇ ಬಸ್ಸು ಎಷ್ಟು ಹೊತ್ತಿಗೆಂದು ಕಂಡಕ್ಟರನ್ನೇ ಕೇಳಿಟ್ಟುಕೊಳ್ಳುವುದು. ಹೂವು ಹಾರದ ಯೋಚನೆ ಆಮೇಲೆ.

ಕೊಯಮತ್ತೂರು, ಸತ್ಯಮಂಗಲದ ಕಡೆಯಿಂದ ಬರುವ ಕನ್ನಡಿಗರಿಗೆ ಬೇರೆ ತೊಡಕಿದೆ. ವಾಹನಕ್ಕೆ ಸಿಕ್ಕಿ ಕಾಡುಪ್ರಾಣಿಗಳು ಸಾಯುತ್ತಿದ್ದುದರಿಂದ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರುವರಿಯಿಂದ ದಿಂಬಂ ರಸ್ತೆಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಿತ್ತು. ತರಕಾರಿ ಬೆಳೆದು ರಾತ್ರಿ ಮಾರುಕಟ್ಟೆಗೆ ಸಾಗಿಸುತ್ತಿದ್ದ ತಾಳವಾಡಿಯ ರೈತರು ಪ್ರತಿಭಟನೆಗೂ ಇಳಿದರು. ಪ್ರಾಣಿಗಳ ಪರವಾದ ಆ ಆದೇಶ ಸರಿಯೆಂದೇ ನನ್ನ ಅಭಿಪ್ರಾಯ. ಆದ್ದರಿಂದ ಆ ಕಡೆಯವರು ಹಗಲಲ್ಲೇ ಘಾಟಿ ಹತ್ತಿ ಹಗಲಲ್ಲೇ ಇಳಿಯುವ ಹಾಗೆ ಹೊರಡಬೇಕು.

ಈ ಗಡಿ ದಾಟುವ ಬಸ್ಸುಗಳು ಎಷ್ಟು ನಾಜೂಕಿನವು ಎಂಬುದನ್ನು ಇಲ್ಲಿಯ ಜನ 2000ನೇ ಇಸವಿಯಲ್ಲೇ ಕಂಡರು. ಆ ವರ್ಷ ಜುಲೈ 30ರ ರಾತ್ರಿ ಗಾಜನೂರಿನ ತೋಟದ ಮನೆಯಿಂದ ಕಾಡುಗಳ್ಳ ವೀರಪ್ಪನ್ ಅಣ್ಣಾವ್ರನ್ನು, ಅಂದರೆ ರಾಜ್‌ಕುಮಾರರನ್ನು, ಅಪಹರಿಸಿ ಕರೆದೊಯ್ದ. ಸುದ್ದಿ ಹಬ್ಬುತ್ತಲೇ ಎರಡು ರಾಜ್ಯಗಳ ನಡುವಿನ ಬಸ್ಸುಗಳು ನಿಂತವು. ಅವರು ಬಿಡುಗಡೆಯಾಗಿ ಬಂದದ್ದು ನವೆಂಬರ್ 15ಕ್ಕೆ, 108 ದಿನಗಳ ಮೇಲೆ. ತಾಳವಾಡಿಯವರ ಪಾಲಿಗೆ ಚಾಮರಾಜನಗರದ ಬಸ್ಸು ನಿಲ್ಲುವುದೆಂದರೆ ಮನೆಯ ಹೆಬ್ಬಾಗಿಲು ಮುಚ್ಚಿದಂತೆ.

ಈಗ ತಾಳವಾಡಿಯಿಂದ ಬೆಂಗಳೂರಿಗೆ ಹೊರಟವರ ಕಥೆ. ಕಂಠೀರವ ಸ್ಟುಡಿಯೊದ ಸಮಾಧಿಯ ಜಾಗದಲ್ಲಿ 2014ರ ನವೆಂಬರಿನಲ್ಲಿ ರಾಜ್ ಸ್ಮಾರಕ ಉದ್ಘಾಟನೆಯಾಯಿತು. ಅದೇ ವರ್ಷ ಮಾರ್ಚಿನಲ್ಲಿ ಮೆಟ್ರೊ ಹಸಿರು ಮಾರ್ಗ ಪೀಣ್ಯದ ಕಡೆ ಓಡತೊಡಗಿತ್ತು. ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗದಲ್ಲಿ ಗೊರಗುಂಟೆಪಾಳ್ಯಕ್ಕೆ ಬಂದರೆ ಮುಂದಿನದು ಬಿಎಂಟಿಸಿ ಅಥವಾ ಆಟೋದ ಪುಟ್ಟ ದಾರಿ. ಮಾರ್ಚ್ 17 ಮತ್ತು ಅಕ್ಟೋಬರ್ 29, ಅಂದರೆ ಅಲ್ಲೇ ಸಮಾಧಿಯಾಗಿರುವ ರಾಜ್ ಮಗ ಅಪ್ಪು (ಪುನೀತ್ ರಾಜ್‌ಕುಮಾರ್) ಹುಟ್ಟಿದ ದಿನ ಮತ್ತು ಅಗಲಿದ ದಿನ, ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಂಥ ದಿನ ಮೆಟ್ರೊ ಇಳಿದು ನಡೆದುಬಿಡುವುದೇ ವಾಸಿ. ಬೆಳಗಿನ ಹೊತ್ತಿಗೇ ದರ್ಶನ ಮುಗಿಸಿದರೆ ಸಂಜೆ ಚಾಮರಾಜನಗರ ಮುಟ್ಟಬಹುದು. ಆದರೆ ಅಲ್ಲಿಂದ ತಾಳವಾಡಿ ಬಸ್ಸು ಸಿಗದಿದ್ದರೆ ರಾತ್ರಿಯೆಲ್ಲಾ ನಿಲ್ದಾಣದ ಕಲ್ಲುಬೆಂಚೇ ಗತಿ.

ಹೆಣ್ಣುಮಕ್ಕಳ ವಿಷಯ ಹೇಳದೆ ಇರಲಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಮಹಿಳೆಯರು ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲದೆ ಓಡಾಡುತ್ತಿದ್ದಾರೆ. ತಮಿಳುನಾಡಿನಲ್ಲಿ 2021ರಿಂದಲೇ ಊರ ಬಸ್ಸುಗಳಲ್ಲಿ ಇಂಥದೇ ಸೌಲಭ್ಯವಿದೆ. ತಾಳವಾಡಿಯ ಅಕ್ಕ ಚಾಮರಾಜನಗರದಲ್ಲಿ ಬೆಂಗಳೂರಿನ ಬಸ್ಸು ಹತ್ತಿ ಕೂತಾಗ ಅವಳ ಆಧಾರ್ ಕಾರ್ಡಿನಲ್ಲಿರುವುದು ತಮಿಳುನಾಡಿನ ವಿಳಾಸ. ಪಕ್ಕದಲ್ಲಿ ಕೂತ ಚಾಮರಾಜನಗರದ ಹೆಂಗಸಿನದೂ ಇವಳದೂ ಒಂದೇ ಮಾತು, ಇಬ್ಬರಿಗೂ ಅದೇ ಅಣ್ಣಾವ್ರು. ಬೆಂಗಳೂರಿನವರೆಗೂ ದುಡ್ಡು ಕೊಡಬೇಕಾದವಳು ಇವಳೊಬ್ಬಳೇ. ನಿಯಮಕ್ಕೆ ಅದರದೇ ಕಾರಣಗಳಿವೆ, ನಿಜ. ಕನಿಷ್ಠ ಗಡಿಯ ಕನ್ನಡ ಊರುಗಳ ಮಟ್ಟಿಗೆ ಎರಡೂ ಸರ್ಕಾರಗಳು ಕೂತು ಮಾತಾಡುವುದು ಅಸಾಧ್ಯದ ಸಂಗತಿಯೇನಲ್ಲ.

ಹೊರದೇಶಗಳಲ್ಲಿ ಅಭಿಮಾನಿಗಳ ಸಮಾವೇಶ ಕರೆಯುವವರು ಓಡಾಟವನ್ನೂ ತಮ್ಮ ಹೊಣೆಯೆಂದೇ ತಿಳಿಯುತ್ತಾರೆ. ಅಮೆರಿಕದ ಸ್ಯಾನ್ ಡಿಯಾಗೊದ ಕಾಮಿಕ್ ಕಾನ್ ಸಮಯದಲ್ಲಿ ಹೋಟೆಲುಗಳಿಂದ ಸಮಾವೇಶದ ಜಾಗಕ್ಕೆ ಬಸ್ಸುಗಳು ಓಡುತ್ತವೆ, ಊರಿನ ಟ್ರಾಲಿ ರೈಲುಗಳೂ ಹೆಚ್ಚಾಗುತ್ತವೆ. ಅಷ್ಟು ದೂರ ಯಾಕೆ, ನಮ್ಮ ಮಾದಪ್ಪನ ಬೆಟ್ಟಕ್ಕೆ ಶಿವರಾತ್ರಿ, ದೀಪಾವಳಿ ಜಾತ್ರೆಗೆ ಕೆಎಸ್‌ಆರ್‌ಟಿಸಿ ಹೆಚ್ಚುವರಿ ಬಸ್ಸು ಬಿಡುವುದಿಲ್ಲವೇ? ಅಭಿಮಾನಿಗಳನ್ನು ದೇವರೆಂದು ಕರೆದವರ ಹುಟ್ಟಿದೂರಿಗೆ ಏಪ್ರಿಲ್ 24ರಂದು ಚಾಮರಾಜನಗರದಿಂದ ನಾಲ್ಕು ಬಸ್ಸು ಹೆಚ್ಚಿಗೆ ಬಿಟ್ಟರೆ ನಷ್ಟವಾಗದು.

ಅಭಿಮಾನಿ ಸಂಘದವರೂ ಸ್ವಲ್ಪ ಬದಲಾಗಬೇಕು. ನಮ್ಮಲ್ಲಿ ಸಂಜೆ ಆರರ ಕಾರ್ಯಕ್ರಮ ಎಂಟಕ್ಕೆ ಶುರುವಾಗುವುದು ರೂಢಿ. ಅಷ್ಟರಲ್ಲಿ ಹಳ್ಳಿಯವರು ಕಡೇ ಬಸ್ಸು ಹಿಡಿಯಲು ಎದ್ದು ಹೊರಟಿರುತ್ತಾರೆ, ಕೊನೆಗೆ ಉಳಿಯುವವರು ಕಾರಿನವರು. ಗಾಜನೂರಿನಲ್ಲಿ ಏನೇ ನಡೆಸಿದರೂ ಬೆಳಿಗ್ಗೆ ಹತ್ತಕ್ಕೆ ಶುರುಮಾಡಿ ಮಧ್ಯಾಹ್ನ ಮೂರಕ್ಕೆ ಮುಗಿಸಲಿ. ಕರಪತ್ರದಲ್ಲಿ ಅತಿಥಿಗಳ ಹೆಸರಿನ ಕೆಳಗೆ ಬಸ್ಸುಗಳ ವೇಳೆಯನ್ನೂ ಕನ್ನಡದಲ್ಲಿ, ತಮಿಳಿನಲ್ಲಿ ಅಚ್ಚು ಹಾಕಿಸಲಿ.