ಗುಂಪು ನಡೆಸಲು ಲೈಸೆನ್ಸ್ ಬೇಕೆ?

ರೇಡಿಯೊ ಕೇಳಲೂ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣ ಕಟ್ಟುತ್ತಿದ್ದ ಕಾಲ ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಅಂಥದೇ ಪ್ರಶ್ನೆ ಮುಂದೆ ಕಂಪ್ಯೂಟರಿಗೂ ಬಂತು.

1990ರ ದಶಕದಲ್ಲಿ ದೊಡ್ಡ ಊರುಗಳ ಕೆಲವರು ಮನೆಯ ಕಂಪ್ಯೂಟರಿಗೆ ಮೋಡೆಮ್, ಟೆಲಿಫೋನ್ ಜೋಡಿಸಿ 'ಬುಲೆಟಿನ್ ಬೋರ್ಡ್' ನಡೆಸುತ್ತಿದ್ದರು. ಬೇರೆಯವರು ಆ ನಂಬರಿಗೆ ಫೋನ್ ಹಚ್ಚಿ ತಮ್ಮ ಪತ್ರ ಬಿಟ್ಟು, ಇತರರದ್ದು ಓದಿಕೊಳ್ಳುತ್ತಿದ್ದರು. ಊರಕಟ್ಟೆಯ ಮಾತುಕತೆಯೇ ತಂತಿಯ ಮೇಲೆ ಬಂದಂತೆ! ದೂರಸಂಪರ್ಕ ಇಲಾಖೆ 1885ರ ಟೆಲಿಗ್ರಾಫ್ ಕಾಯ್ದೆ ಹಿಡಿದು, ಇದಕ್ಕೂ ಲೈಸೆನ್ಸ್ ಬೇಕು, ಶುಲ್ಕ 15 ಲಕ್ಷ ರೂಪಾಯಿ ಎಂದಿತು. ಹವ್ಯಾಸಕ್ಕೆ ನಡೆಸುವವರು ಅಷ್ಟು ಹಣ ಎಲ್ಲಿಂದ ತರಬೇಕು? 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಇಂಟರ್‌ನೆಟ್ ತಂದಿತು. ಬರಬರುತ್ತಾ ಬೋರ್ಡುಗಳು ಮರೆಯಾದವು.

ಪ್ರಶ್ನೆ ಮಾತ್ರ ಉಳಿಯಿತು. ರಾಜೋಳಿಯಲ್ಲಿ ನೀವೊಂದು ವಾಟ್ಸಾಪ್ ಗುಂಪು ನಡೆಸುತ್ತೀರಿ ಎನ್ನಿ. ಅದಕ್ಕೆ ಲೈಸೆನ್ಸ್ ಬೇಡ. ಆದರೆ ಸದಸ್ಯರೊಬ್ಬರು ಕೆಟ್ಟ ಬರಹ ಹಾಕಿದರೆ ಹೊಣೆ ಯಾರದು? 2021ರಲ್ಲಿ ಮುಂಬಯಿ ಹೈಕೋರ್ಟ್, 2022ರಲ್ಲಿ ಕೇರಳ ಹೈಕೋರ್ಟ್ ಹೇಳಿದ್ದು ಇಷ್ಟು: ಅವರ ಜೊತೆ ಕೈಜೋಡಿಸಿರದಿದ್ದರೆ, ಗುಂಪು ನಡೆಸುವವರ ತಲೆಗೆ ಆ ತಪ್ಪು ಕಟ್ಟಲಾಗದು. ಇವು ತೆಲಂಗಾಣ ಹೈಕೋರ್ಟಿನ ತೀರ್ಪುಗಳಲ್ಲ, ನಿಜ. ಆದರೂ ಇಲ್ಲಿ ಆಧಾರವಾಗಿ ತೋರಿಸಬಹುದು.

ಆದ್ದರಿಂದ ಹೆದರಿ ಗುಂಪು ಮುಚ್ಚಬೇಡಿ. 2009ರ ಅಕ್ಟೋಬರಿನಲ್ಲಿ ತುಂಗಭದ್ರೆ ರಾಜೋಳಿಯೊಳಗೆ ನುಗ್ಗಿದ್ದನ್ನು ನೀವು ಮರೆತಿಲ್ಲ. ಹೊಳೆ ಏರುವ ಸುದ್ದಿ ಕನ್ನಡದಲ್ಲೂ ತೆಲುಗಿನಲ್ಲೂ ಮನೆಮನೆಗೆ ಮುಟ್ಟಬೇಕು. ದ್ವೇಷದ ಮಾತು, ಗಾಳಿಸುದ್ದಿ ಕಂಡರೆ ಕೂಡಲೇ ಅಳಿಸಿ, ಹಾಕಿದವರಿಗೆ ತಿಳಿಹೇಳಿ.