ರೋಗಿ ಪಕ್ಕ ಕೂತು ಕೇಳೋರಿಗೆ ಕಲಿಸೋರು ಯಾರು? ಹೀಗೂ ಒಂದು ಪ್ರಶಸ್ತಿ ಇದೆ, ಏನಿದು ನೋಡಿ

ತುಮಕೂರು: ಉತ್ತಮ ಶಿಕ್ಷಕರಿಗೆ ಪ್ರಶಸ್ತಿ, ಪ್ರಗತಿಪರ ರೈತರಿಗೆ ಪ್ರಶಸ್ತಿ, ಜಾತ್ರೇಲಿ ಒಳ್ಳೆ ಎತ್ತಿನ ಜೋಡಿಗೂ ಬಹುಮಾನ. ಇವೆಲ್ಲ ನಮಗೆ ಗೊತ್ತಿರೋದೇ. ಆದರೆ ಆಸ್ಪತ್ರೆಯಲ್ಲಿ ರೋಗಿಯ ಸಂಕಟ ಕೇಳೋದು ಹೇಗೆ ಅಂತ ಕಲಿಸುವ ಗುರುಗಳಿದ್ದಾರೆ, ಆ ಗುರುಗಳ ಕೆಲಸದ ಬಗ್ಗೆ ಬರೆದ ಸಂಶೋಧನಾ ಪ್ರಬಂಧಗಳಿಗೂ ಪ್ರಶಸ್ತಿ ಇದೆ ಅಂದ್ರೆ ಹೆಚ್ಚಿನವರಿಗೆ ಹೊಸ ಸುದ್ದಿ. ಎಲ್ಲೋ ದೂರದ ವಿಷಯ ಅನ್ನಿಸಬಹುದು. ಆದರೆ ಗುಬ್ಬಿ, ಕುಣಿಗಲ್‌ನಿಂದ ಜಿಲ್ಲಾಸ್ಪತ್ರೆಗೋ ಬೆಂಗಳೂರಿಗೋ ಮನೆಯವರನ್ನ ಸೇರಿಸಿ, ವಾರ್ಡ್ ಹೊರಗೆ ಚಾಪೆ ಹಾಸ್ಕೊಂಡು ರಾತ್ರಿ ಕಳೆದವರಿಗೆ ಇದು ತಮ್ಮದೇ ವಿಷಯ.

ಏನಿದು ಪಾಸ್ಟೋರಲ್ ಕೇರ್?

ಡಾಕ್ಟರ್ ಮಾತ್ರೆ ಬರೀತಾರೆ, ನರ್ಸ್ ಡ್ರಿಪ್ ನೋಡ್ತಾರೆ. ‘ನನಗೇ ಯಾಕೆ ಹೀಗಾಯ್ತು’ ಅಂತ ರೋಗಿ ಕೇಳಿದಾಗ ಕೂತು ಕೇಳಿಸ್ಕೊಳ್ಳೋಕೆ ಇಬ್ಬರಿಗೂ ಪುರುಸೊತ್ತು ಇರಲ್ಲ. ಆ ಕೆಲಸವೇ ಪಾಸ್ಟೋರಲ್ ಕೇರ್. ಚರ್ಚ್‌ಗಳ ಪಾದ್ರಿಗಳಿಂದ ಬಂದ ಹೆಸರು ಇದು. ನಮ್ಮಲ್ಲಿ ಮಠದ ಸ್ವಾಮೀಜಿ, ಮಸೀದಿಯ ಗುರುಗಳು, ಊರಿನ ಹಿರಿಯರು ಕಾಯಿಲೆ ಬಿದ್ದವರನ್ನ ನೋಡಿ ಧೈರ್ಯ ಹೇಳ್ತಾರಲ್ಲ, ಅದಕ್ಕೆ ಹತ್ತಿರದ್ದು. ವ್ಯತ್ಯಾಸ ಒಂದೇ: ಇಲ್ಲಿ ಅದಕ್ಕೆ ತರಬೇತಿ ಇದೆ. ಇಂಗ್ಲಿಷ್‌ನಲ್ಲಿ ಕ್ಲಿನಿಕಲ್ ಪಾಸ್ಟೋರಲ್ ಎಜುಕೇಷನ್, ಚಿಕ್ಕದಾಗಿ ಸಿಪಿಇ ಅಂತಾರೆ.

ಶುರುವಾಗಿದ್ದು ಹೇಗೆ?

ಅಮೆರಿಕದ ಆಂಟನ್ ಬಾಯ್ಸನ್ ಅನ್ನೋ ಪಾದ್ರಿ 1920ರಲ್ಲಿ ಸ್ವತಃ ಮಾನಸಿಕ ಕಾಯಿಲೆಯಿಂದ ಆಸ್ಪತ್ರೆ ಸೇರಿದ್ದವರು. ಗುಣವಾದ ಮೇಲೆ ವೂಸ್ಟರ್ ಎಂಬಲ್ಲಿಯ ಮಾನಸಿಕ ಆಸ್ಪತ್ರೆಗೇ ಚಾಪ್ಲಿನ್ ಆಗಿ ಹೋದರು. 1925ರಲ್ಲಿ ಧರ್ಮಶಾಸ್ತ್ರ ಓದುವ ಕೆಲವು ವಿದ್ಯಾರ್ಥಿಗಳನ್ನ ವಾರ್ಡ್‌ಗೆ ಕರೆದುಕೊಂಡು ಬಂದು ಕಲಿಸೋಕೆ ಶುರು ಮಾಡಿದರು. ಪುಸ್ತಕ ಓದಿದ ಹಾಗೇ ಮನುಷ್ಯರನ್ನೂ ಗಮನಕೊಟ್ಟು ಓದಬೇಕು ಅನ್ನೋದು ಅವರ ವಾದ. 1930ರಲ್ಲಿ ಈ ತರಬೇತಿಗೆ ಒಂದು ಮಂಡಳಿ ಆದಾಗ ಅದರ ನಿರ್ದೇಶಕಿ ಆಗಿದ್ದು ಹೆಲೆನ್ ಫ್ಲಾಂಡರ್ಸ್ ಡನ್‌ಬಾರ್. ಅವರು ವೈದ್ಯೆ. 1967ರಲ್ಲಿ ಬೇರೆ ಬೇರೆ ಸಂಘಗಳು ಸೇರಿ ಎಸಿಪಿಇ ಅನ್ನೋ ದೊಡ್ಡ ಸಂಸ್ಥೆ ಆಯ್ತು.

ಆಡಿದ ಮಾತು ಬರೆದು ತೋರಿಸಬೇಕು

ಅಲ್ಲಿನ ತರಬೇತಿಯ ಒಂದು ಯೂನಿಟ್ ಅಂದ್ರೆ ಕನಿಷ್ಠ 400 ಗಂಟೆ. ಹೆಚ್ಚಿನ ಸಮಯ ವಾರ್ಡ್‌ನಲ್ಲೇ. ಮುಖ್ಯ ಸಾಧನ ‘ವರ್ಬೇಟಿಮ್’. ರೋಗಿ ಜೊತೆ ಆಡಿದ ಮಾತನ್ನ ವಿದ್ಯಾರ್ಥಿ ನೆನಪಿನಿಂದ ಸಾಲು ಸಾಲಾಗಿ ಬರೀಬೇಕು. ರೋಗಿ ಹೆಸರು ಬರೆಯೋ ಹಾಗಿಲ್ಲ. ಆಮೇಲೆ ಗುಂಪಿನ ಮುಂದೆ, ಸೂಪರ್‌ವೈಸರ್ ಮುಂದೆ ಇಡಬೇಕು.

ಉದಾಹರಣೆಗೆ ಹೀಗೆ ಅಂದ್ಕೊಳ್ಳಿ. ರೋಗಿ: ‘ನಾಳೆ ಆಪರೇಷನ್, ಭಯ ಆಗ್ತಿದೆ.’ ವಿದ್ಯಾರ್ಥಿ: ‘ಏನೂ ಆಗಲ್ಲ ಬಿಡಿ, ದೇವರಿದ್ದಾನೆ. ಊಟ ಆಯ್ತಾ?’ ಇಲ್ಲಿ ಸೂಪರ್‌ವೈಸರ್ ಕೇಳ್ತಾರೆ: ‘ಅವರು ಭಯ ಅಂದ್ರು, ನೀನು ಊಟಕ್ಕೆ ಹೋದೆ. ಯಾಕೆ? ಭಯ ಆಗಿದ್ದು ಅವರಿಗೋ ನಿನಗೋ?’

ನಾವೆಲ್ಲ ಮಾಡೋದು ಇದನ್ನೇ ಅಲ್ವಾ? ನೋಡೋಕೆ ಹೋದಾಗ ಒಂದು ಕೆಜಿ ಕಿತ್ತಳೆ ಇಟ್ಟು, ಏನೂ ಆಗಲ್ಲ ಅಂತ ಹೇಳಿ ಎದ್ದು ಬರ್ತೀವಿ. ಕೆಲವರು ‘ಹಿಂದಿನ ಜನ್ಮದ ಕರ್ಮ’ ಅಂತಾನೂ ಹೇಳಿಬಿಡ್ತಾರೆ. ಕೇಳಿದವರಿಗೆ ಅದು ಕಾಯಿಲೆಗಿಂತ ಹೆಚ್ಚು ನೋವು ಕೊಡುತ್ತೆ.

ಹಾಗಾದ್ರೆ ಪ್ರಶಸ್ತಿ ಯಾಕೆ?

ಅಂಗಡಿಯವರಿಗೆ ಇದು ಬೇಗ ಅರ್ಥ ಆಗುತ್ತೆ. ಹೊಸ ಹುಡುಗ ಸೇರಿದ್ರೆ ಮಾಲೀಕ ತಕ್ಕಡಿ ನೋಡ್ತಾನೆ, ಚಿಲ್ಲರೆ ನೋಡ್ತಾನೆ, ಗಿರಾಕಿ ಜೊತೆ ಆಡೋ ಮಾತು ನೋಡ್ತಾನೆ. ಎಲ್ಲರ ಮುಂದೆ ಬೈದ್ರೆ ಹುಡುಗ ಕೆಲಸ ಬಿಡ್ತಾನೆ, ಏನೂ ಹೇಳದಿದ್ರೆ ವ್ಯಾಪಾರ ಕೆಡುತ್ತೆ. ತಿದ್ದೋದೂ ಒಂದು ವಿದ್ಯೆ. ಸೂಪರ್‌ವೈಸರ್ ಆಗೋರು ಅದನ್ನ ವರ್ಷಗಟ್ಟಲೆ ಕಲೀಬೇಕು, ತಾವು ಕಲಿಸುವ ರೀತಿ ಬಗ್ಗೆ ಪ್ರಬಂಧ ಬರೀಬೇಕು. ಯಾವ ಪ್ರಶ್ನೆ ಕೇಳಿದ್ರೆ ವಿದ್ಯಾರ್ಥಿ ಬೆಳೀತಾನೆ, ಯಾವುದು ಅವನನ್ನ ಕುಗ್ಗಿಸುತ್ತೆ, ದಿನಾ ಸಾವು ನೋಡೋನನ್ನ ಕಾಪಾಡೋದು ಹೇಗೆ, ಇವೇ ವಿಷಯಗಳು. ಇಂಥ ಕೆಲಸ ಮುಚ್ಚಿದ ಕೋಣೆಯೊಳಗೆ ನಡೆಯೋದರಿಂದ ಯಾರಾದರೂ ಬರೆದಿಡದಿದ್ರೆ ಮುಂದಿನವರಿಗೆ ಸಿಗಲ್ಲ. ಪ್ರಶಸ್ತಿ ಇರೋದು ಹಾಗೆ ಬರೆದಿಡಲಿ ಅಂತ.

ಮತಾಂತರ ಮಾಡೋಕಾ?

ಈ ಪ್ರಶ್ನೆ ಬರುತ್ತೆ, ಬರಲೇಬೇಕು. ಹಾಸಿಗೆ ಹಿಡಿದವರ ಮೇಲೆ ತಮ್ಮ ನಂಬಿಕೆ ಹೇರಬಾರದು ಅನ್ನೋದು ಈ ವೃತ್ತಿಯ ಮೂಲ ನಿಯಮ. ರೋಗಿ ಎಡೆಯೂರು ಸಿದ್ಧಲಿಂಗೇಶ್ವರನಿಗೆ ಹರಕೆ ಹೊತ್ತಿದ್ರೆ ಆ ಹರಕೆಯ ಮಾತನ್ನೇ ಕೇಳಬೇಕು. ನಿಯಮ ಕಾಗದದಲ್ಲಿ ಇದ್ರೆ ಸಾಲದು, ಮುರಿದಾಗ ಹಿಡಿಯೋರು ಬೇಕು. ವರ್ಬೇಟಿಮ್ ಓದೋ ಸೂಪರ್‌ವೈಸರ್ ಇರಬೇಕಾದ ದೊಡ್ಡ ಕಾರಣ ಇದೇ.

ನಮ್ಮ ಕಡೆ ಏನಿದೆ?

ನಮ್ಮ ಜಿಲ್ಲೆಗೆ ಪಾದ್ರಿಗಳು ಹೊಸಬರಲ್ಲ. 1830ರ ದಶಕದ ಕೊನೆಯಲ್ಲೇ ಗುಬ್ಬಿ ವೆಸ್ಲಿಯನ್ ಮಿಷನ್ನಿನ ಕೇಂದ್ರ. ಥಾಮಸ್ ಹಾಡ್ಸನ್ ಇಲ್ಲಿದ್ದರು. 1839ರಲ್ಲಿ 20ರ ವಯಸ್ಸಿನ ವಿಲಿಯಂ ಆರ್ಥರ್ ಬಂದರು. ಆರೋಗ್ಯ ಕೆಟ್ಟು 1841ರಲ್ಲಿ ವಾಪಸ್ ಹೋದರು, 1847ರಲ್ಲಿ ಇಲ್ಲಿನ ಅನುಭವ ಪುಸ್ತಕ ಮಾಡಿದರು. ಬೇರೆಯವರ ಕಷ್ಟ ಕೇಳೋಕೆ ಬಂದವರೇ ಕುಸಿಯೋದು ಆಗಲೂ ಇತ್ತು. ಇಂದು ಬೆಂಗಳೂರಿನಲ್ಲಿ 1910ರಲ್ಲಿ ಶುರುವಾದ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಪಾಸ್ಟೋರಲ್ ಕೇರ್ ಮತ್ತು ಕೌನ್ಸೆಲಿಂಗ್ ಪಾಠ ಇದೆ. ನಮ್ಮವರು ಹೆಚ್ಚಾಗಿ ಹೋಗುವ ಸೇಂಟ್ ಜಾನ್ಸ್ ಆಸ್ಪತ್ರೆಯಲ್ಲೂ ಪಾಸ್ಟೋರಲ್ ಕೇರ್ ಇದೆ.

ತಾಲ್ಲೂಕು ಮಟ್ಟದಲ್ಲಿ?

ಇಲ್ಲಿ ಕೇಳಿಸ್ಕೊಳ್ಳೋರು ಆಶಾ ಕಾರ್ಯಕರ್ತೆಯರು, ನರ್ಸ್‌ಗಳು, ಮೆಡಿಕಲ್ ಸ್ಟೋರ್ ಕೌಂಟರ್‌ನವರು. ಊರಿನ ದುಃಖವೆಲ್ಲ ಅವರ ಕಿವಿಗೆ ಬೀಳುತ್ತೆ. ಎಷ್ಟು ಮನೆ ಭೇಟಿ ಆಯ್ತು ಅಂತ ಕೇಳೋರು ಇದ್ದಾರೆ. ‘ಅಲ್ಲಿ ಏನು ಮಾತಾಡಿದ್ರಿ, ನಿಮಗೆ ಹೇಗನ್ನಿಸ್ತು’ ಅಂತ ಕೇಳೋರು ಬೇಕು. ತಿಂಗಳಿಗೊಂದು ಸಲ ಹಾಗೆ ಕೂತು ಮಾತಾಡೋಕೆ ದೊಡ್ಡ ಖರ್ಚೇನೂ ಆಗಲ್ಲ.

ಸದ್ಯಕ್ಕೆ ಇದನ್ನ ನೆನಪಿಟ್ಕೊಳ್ಳಿ: ಮನಸ್ಸಿನ ಸಂಕಟಕ್ಕೆ ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416. ಕನ್ನಡದಲ್ಲೇ ಮಾತಾಡಬಹುದು. ರೋಗಿಗಳಷ್ಟೇ ಅಲ್ಲ, ರೋಗಿನ ನೋಡ್ಕೊಳ್ಳೋರೂ ಫೋನ್ ಮಾಡಬಹುದು.